ಡಬ್ಬಿ ತೆಗೆಸೋದಿಲ್ಲ

ಹವಾಮಾನ ಇಲಾಖೆಯವರನ್ನು ಮದುವೆಯಾದ ಮೇಲೆ ಇಂಥವು ಆಗುತ್ತಲೇ ಇರುತ್ತವೆ. ಬೇರೆಯವರ ಮನೆಯಲ್ಲಿ ಯಾವಾಗಲೋ ಒಮ್ಮೆ ಆಗುವಂಥದ್ದು ನಮ್ಮ ಮನೆಯಲ್ಲಿ ಮಳೆಗಾಲಕ್ಕೊಂದು, ಬೇಸಿಗೆಗೊಂದು ಆಗುತ್ತಿತ್ತು. ಚಳಿಗಾಲದಲ್ಲಿ ಮಾತ್ರ ಸ್ವಲ್ಪ ಬಿಡುವು.

ನಮ್ಮ ಮನೆಯವರು ತೀರಿಕೊಂಡ ಹದಿಮೂರನೇ ದಿನ ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುತ್ತ ದೂರದ ಸಂಬಂಧಿಯೊಬ್ಬರು, "ರಾಯರು ಇವತ್ತ ಮಳಿ ಇಲ್ಲ ಅಂದ್ರ ನಾವು ಛತ್ರಿ ತಗೊಂಡ ಹೊರಗ ಬೀಳತಿದ್ವಿ ನೋಡ್ರಿ" ಎಂದು ನಕ್ಕರು. ಅವರ ಜೊತೆ ಪಂಕ್ತಿಯೆಲ್ಲ ನಕ್ಕಿತು. ನನಗೆ ಮೈಯೆಲ್ಲ ಉರಿಯಿತು. ಈ ಛತ್ರಿಯ ಜೋಕನ್ನು ಮದುವೆಯಾದ ವಾರದಿಂದ ಕೇಳುತ್ತಿದ್ದೇನೆ. ಅದು ಹಳಸಿ ಎಷ್ಟೋ ಕಾಲವಾಯಿತು. ನನ್ನ ಗಂಡನನ್ನು ನೋಡಿ ನಗಬೇಡಿ ಎಂದು ನಾನು ಹೇಳುವುದಿಲ್ಲ. ನಾನೇ ಬೇಕಾದಷ್ಟು ನಕ್ಕಿದ್ದೇನೆ. ಆದರೆ ನಗುವುದಾದರೆ ಸರಿಯಾದದ್ದಕ್ಕೆ ನಗಲಿ ಎಂದು ಇದನ್ನು ಬರೆಯಲು ಕೂತೆ.

ಇನ್ನೊಂದು ಕಾರಣವೂ ಇದೆ. ಮಗ, ಮಗಳು, ಅಳಿಯ ಮೂವರೂ ಸೇರಿ, "ಅಮ್ಮಾ, ಇನ್ನ ಆ ಡಬ್ಬಿ ತೆಗಿಸಿಬಿಡೂಣು" ಎಂದು ಶುರು ಹಚ್ಚಿಕೊಂಡಿದ್ದಾರೆ. ಡಬ್ಬಿ ಅಂದರೆ ಮಳೆಮಾಪಕ. ಮೇಲೊಂದು ಅಗಲ ಬಾಯಿಯ ಆಲಿಕೆ, ಒಳಗೆ ನೀರು ನಿಲ್ಲುವ ಪಾತ್ರೆ, ಕೆಳಗೆ ಸಿಮೆಂಟಿನ ಕಟ್ಟೆ, ಇಷ್ಟೇ. ದಿನಾ ಬೆಳಿಗ್ಗೆ ಎಂಟೂವರೆಗೆ ಸರಿಯಾಗಿ ಆ ನೀರನ್ನು ಅಳತೆಯ ಗ್ಲಾಸಿಗೆ ಸುರಿದು ನೋಡಬೇಕು. ದೇಶದಲ್ಲೆಲ್ಲ ಅದೇ ಹೊತ್ತಿಗೆ ನೋಡುತ್ತಾರೆ. ಕಚೇರಿಯಲ್ಲಿ ಹಳೆಯದಾಯಿತೆಂದು ಹರಾಜಿಗೆ ಬಂದದ್ದನ್ನು ಇವರು ಕೊಂಡು ತಂದು, ಹೈದರಾಬಾದಿನಲ್ಲಿ ಬಾಲಾನಗರದ ಆಚೆ ನಾವು ಮನೆ ಕಟ್ಟಿದಾಗ ಅಂಗಳದಲ್ಲಿ ನೆಟ್ಟರು. ದೇವರ ಕೋಣೆ ಎಲ್ಲಿ ಬರಬೇಕೆಂದು ನಿಶ್ಚಯವಾದದ್ದು ಆಮೇಲೆ. ಅಂದಿನಿಂದ ಒಂದು ಬೆಳಿಗ್ಗೆಯೂ ಅಳತೆ ತಪ್ಪಿಲ್ಲ. ಇವರು ಡ್ಯೂಟಿಯಲ್ಲಿದ್ದ ದಿನ ನಾನು ನೋಡುತ್ತಿದ್ದೆ. ಸಂಜೆ ಬಂದವರು ಚಹಾ ಕೇಳುವ ಮೊದಲು, "ನೀರಿನ ಮಟ್ಟಕ್ಕ ಕಣ್ಣು ತಂದು ನೋಡಿದಿ ಹೌದಿಲ್ಲೋ?" ಎಂದು ಕೇಳುತ್ತಿದ್ದರು.

ಆ ಡಬ್ಬಿಯನ್ನು ತೆಗೆಸಬೇಕಂತೆ. ತೆಗೆಸೋದಿಲ್ಲ. ಅದನ್ನು ಉಳಿಸಿಕೊಳ್ಳಲು ಅವರು ಏನೇನು ಮಾಡಿದರು ಎನ್ನುವುದು ಈ ಮಕ್ಕಳಿಗೆ ಪೂರ್ತಿ ಗೊತ್ತಿಲ್ಲ.

೧. ಹೆಣ್ಣು ನೋಡಿದ್ದು

ಇವರು ನನ್ನನ್ನು ನೋಡಲು ಅಣ್ಣನ ಜೊತೆ ಕಲಬುರ್ಗಿಗೆ ಬಂದರು. ಸಂಜೆ ಮಂಡಕ್ಕಿ ಸುಸಲಾ, ಚಹಾ ಆಯಿತು. ನಾನು ಬಂದು ಕೂತು, ಕೇಳಿದ ಎರಡು ಮಾತಿಗೆ ಉತ್ತರ ಕೊಟ್ಟು ಒಳಗೆ ಹೋದೆ. ನಮ್ಮಪ್ಪ ಸಾಲಿ ಮಾಸ್ತರು. ಸುತ್ತಿ ಬಳಸಿ ಮಾತಾಡುವ ಅಭ್ಯಾಸ ಇಲ್ಲ. "ಹುಡುಗಿ ಮನಸ್ಸಿಗೆ ಬಂದಳೇನ್ರಿ?" ಎಂದು ನೇರವಾಗಿ ಕೇಳಿದರು.

ಇವರು ಕಿಟಕಿಯಾಚೆ ಒಮ್ಮೆ ನೋಡಿ, "ನಾಳಿ ಮುಂಜಾನೆ ಎಂಟೂವರಿಗೆ ಹೇಳ್ತೀನ್ರಿ" ಅಂದರು.

ಅವರ ಅಣ್ಣ ಮುಖ ಮುಚ್ಚಿಕೊಳ್ಳುವುದೊಂದು ಬಾಕಿ. ಆ ರಾತ್ರಿ ನಮ್ಮ ಮನೆಯಲ್ಲಿ ಇದಕ್ಕೆ ನೂರು ಅರ್ಥ ಹಚ್ಚಿದರು. ಹುಡುಗನಿಗೆ ಬೇರೆ ಕಡೆ ಮಾತಾಗಿದೆ ಎಂದು ಅವ್ವ, ಹುಡುಗನಿಗೆ ತಲೆ ಸರಿಯಿಲ್ಲ ಎಂದು ಕಾಕಾ. ಮರುದಿನ ಎಂಟೂವರೆಗೆ ಸರಿಯಾಗಿ ಬಾಗಿಲು ಬಡಿಯಿತು. ಇವರೇ.

"ಒಪ್ಪಿಗಿ ಐತ್ರಿ" ಅಂದರು.

"ಅದನ್ನ ನಿನ್ನೆ ಸಂಜಿನ ಹೇಳಬಹುದಿತ್ತಲ್ರಿ?" ಎಂದು ಅಪ್ಪ.

"ನಿನ್ನೆ ನೋಡಿದ್ದು ಒಂದ ಸಲದ ಅಳತಿರಿ. ಒಂದ ಅಳತಿ ಮ್ಯಾಲ ಏನೂ ಹೇಳಬಾರದು. ನಡುವ ಒಂದು ರಾತ್ರಿ ಹೋಗಬೇಕು."

ನಮ್ಮಜ್ಜಿ ಅಡುಗೆ ಮನೆಯಿಂದ ಗಟ್ಟಿಯಾಗಿ ಕೇಳಿದಳು: "ರಾತ್ರಿಯೆಲ್ಲ ಹುಡುಗಿ ನನ್ನ ಮಗ್ಗಲಾಗ ಮಲಗಿದ್ದಳಲ್ಲೋ ತಮ್ಮಾ. ನೀ ಅಳದದ್ದು ಏನನ್ನ?"

೨. ಯಾವ ಶುಕ್ರವಾರ?

ನಮ್ಮ ಮಗಳು ಹುಟ್ಟಿದ್ದು ಗುರುವಾರ ಮಧ್ಯಾಹ್ನ. ಹೆತ್ತವಳು ನಾನು, ನನಗೆ ಗೊತ್ತು. ಆದರೆ ಇವರು ಮುಂದಿನ ವಾರ ತಮ್ಮ ತಾಯಿಗೆ ಊರಿಗೆ ಹೋಗಿ ಹೇಳಿದ್ದು "ಶುಕ್ರವಾರ" ಎಂದು. ಸುಳ್ಳು ಹೇಳುವ ಉದ್ದೇಶವಿರಲಿಲ್ಲ. ಇವರ ಇಲಾಖೆಯಲ್ಲಿ ದಿನ ಮುಗಿಯುವುದು ಬೆಳಿಗ್ಗೆ ಎಂಟೂವರೆಗೆ. ಗುರುವಾರ ಮಧ್ಯಾಹ್ನ ಬಿದ್ದ ಮಳೆಯನ್ನು ಶುಕ್ರವಾರ ಬೆಳಿಗ್ಗೆ ಅಳೆದು ಶುಕ್ರವಾರದ ಲೆಕ್ಕಕ್ಕೆ ಬರೆಯುತ್ತಾರೆ. ಮಗುವನ್ನೂ ಹಾಗೇ ಬರೆದುಬಿಟ್ಟರು. ನಮ್ಮತ್ತೆ ಆ ಶುಕ್ರವಾರಕ್ಕೇ ಜಾತಕ ಬರೆಸಿ ಟ್ರಂಕಿನಲ್ಲಿಟ್ಟರು. ಮಗಳ ಮದುವೆಯ ತನಕ ಅದನ್ನು ಯಾರೂ ತೆಗೆದು ನೋಡಲಿಲ್ಲ.

ಆ ಹೊತ್ತಿಗೆ ಹೈದರಾಬಾದಿನಲ್ಲಿ ಎಲ್ಲಿ ಕಲ್ಲು ಹೊಡೆದರೂ ಸಾಫ್ಟ್‌ವೇರಿನವರಿಗೆ ಬೀಳುವ ಕಾಲ. ಮಗಳೂ ಅದೇ ಕೆಲಸ, ನೋಡಲು ಬಂದ ಹುಡುಗನೂ ಅದೇ ಕೆಲಸ. ಹುಡುಗನ ತಂದೆ ಸಿಕಂದರಾಬಾದಿನಲ್ಲಿ ರೈಲ್ವೆಯಿಂದ ನಿವೃತ್ತರಾದವರು, ರಾಯಚೂರಿನ ಕಡೆಯವರು. ಜಾತಕ ಚೆನ್ನಾಗಿ ಕೂಡಿತ್ತು. ಮಾತುಕತೆ ಮುಗಿಯುತ್ತ ಬಂದಾಗ ನಮ್ಮವ್ವ ಸಂತೋಷ ತಡೆಯಲಾರದೆ, "ಗುರುವಾರ ಹುಟ್ಟಿದ ಕೂಸು, ಗುರುಗಳ ಕೃಪಾ ಇದ್ದs ಐತಿ" ಅಂದುಬಿಟ್ಟಳು.

ಹುಡುಗನ ತಾಯಿ ಚಹಾದ ಕಪ್ಪು ಕೆಳಗಿಟ್ಟರು. "ಜಾತಕದಾಗ ಶುಕ್ರವಾರ ಅಂತ ಐತಲ್ರಿ?"

ಬೇರೆ ಯಾರಾದರೂ ಆಗಿದ್ದರೆ ಏನೋ ತಪ್ಪಾಗಿದೆ, ಕ್ಷಮಿಸಿ ಎನ್ನುತ್ತಿದ್ದರು. ಇವರು ಕೂತಲ್ಲೇ ನೆಟ್ಟಗಾದರು. "ಎರಡೂ ಖರೆ ಅದರಿ. ಹುಟ್ಟಿದ್ದು ಗುರುವಾರ. ಲೆಕ್ಕಕ್ಕ ಬಂದದ್ದು ಶುಕ್ರವಾರ." ಆಮೇಲೆ ಎಂಟೂವರೆಯ ವಿಚಾರವನ್ನು ಮೊದಲಿನಿಂದ ಬಿಡಿಸಿ ಹೇಳಿದರು. ಹುಡುಗನ ತಾಯಿಯ ಮುಖ ಗಂಟಾಗುತ್ತಲೇ ಹೋಯಿತು.

ಅಷ್ಟರಲ್ಲಿ ಹುಡುಗನ ತಂದೆ ತೊಡೆ ತಟ್ಟಿ ನಕ್ಕರು. "ಅಯ್ಯ, ನಮ್ಮ ರೈಲ್ವೇದಾಗೂ ಇದs ಗೋಳು ಇತ್ರಿ! ರಾತ್ರಿ ಹನ್ನೆರಡು ದಾಟಿ ಹೊರಡೂ ಗಾಡಿಗೆ ಜನ ಮರುದಿನ ರಾತ್ರಿ ಬಂದು, ನಮ್ಮ ಸೀಟು ಎಲ್ಲೈತಿ ಅಂತ ಜಗಳಾ ತೆಗೀತಿದ್ರು. ಹೇಳಿ ಹೇಳಿ ನನ್ನ ಸರ್ವೀಸೇ ಮುಗೀತು." ಎರಡು ಇಲಾಖೆಗಳು ಒಂದನ್ನೊಂದು ಅರ್ಥಮಾಡಿಕೊಂಡವು. ಹೆಂಡತಿಯ ಕಡೆ ತಿರುಗಿ, "ಇಂಥ ಮನಿ ನಮಗ ಮತ್ತ ಸಿಗೂದಿಲ್ಲ" ಎಂದು ಅವರೇ ಒಪ್ಪಿಸಿದರು.

ಮುಹೂರ್ತ ನೋಡಿದ ಭಟ್ಟರು, "ಶುಕ್ರವಾರ ಛಲೋ ಐತಿ" ಅಂದಾಗ ಮಾತ್ರ ನಮ್ಮ ಬೀಗರು ಕೈ ಅಡ್ಡ ಹಿಡಿದರು. ನಗಲಿಲ್ಲ, ನಿಜವಾಗಿಯೇ ಕೇಳಿದರು: "ತಡೀರಿ ಭಟ್ರ. ಬೀಗ್ರ, ನಿಮ್ಮ ಶುಕ್ರವಾರೋ, ನಮ್ಮ ಶುಕ್ರವಾರೋ?"

೩. ಒಂದೆರಡು ಕಡೆ

ನಮ್ಮ ಗಲ್ಲಿಯ ಕೊನೆಯ ಮನೆಯಲ್ಲಿ ಒಬ್ಬ ತೆಲುಗು ಹೆಂಗಸು. ಸಂಡಿಗೆ ಹಾಕುವುದರಲ್ಲಿ ಎತ್ತಿದ ಕೈ. ಅವಳು ಇವರನ್ನು "ಅನ್ನಯ್ಯಾ" ಎಂದೇ ಕರೆಯುವುದು. ಬೇಸಿಗೆಯಲ್ಲಿ ದಿನಾ ಗೇಟಿನ ಹತ್ತಿರ ಬಂದು, "ಅನ್ನಯ್ಯಾ, ಇವತ್ತು ವಡಿಯಾಲು ಹಾಕಲಾ?" ಎಂದು ಕೇಳುವಳು.

ಒಂದು ದಿನ ಇವರು, "ಇವತ್ತ ನಗರದ ಒಂದೆರಡು ಕಡೆ ಮಳಿ ಆಗೂ ಸಂಭವ ಐತಮ್ಮಾ" ಅಂದರು. ಒಂದೆರಡು ಕಡೆ ಎನ್ನುವುದು ಇವರ ಇಲಾಖೆಯ ಮಾತು. ಅಳೆದು ತೂಗಿ ಇಟ್ಟ ಮಾತು. ಅವಳು ಅದನ್ನು ತನ್ನ ರೀತಿಯಲ್ಲಿ ಲೆಕ್ಕ ಹಾಕಿದಳು. ಇಷ್ಟು ದೊಡ್ಡ ಹೈದರಾಬಾದು, ಅದರಲ್ಲಿ ಒಂದೆರಡು ಕಡೆ, ಅದು ನಮ್ಮ ಮನೆಯೇ ಯಾಕಾಗಬೇಕು? ಮಾಳಿಗೆ ತುಂಬ ಹಳೆ ಸೀರೆ ಹಾಸಿ ಸಂಡಿಗೆ ಇಟ್ಟಳು.

ಮೂರು ಗಂಟೆಗೆ ಎಲ್ಲಿಂದಲೋ ಒಂದು ಮೋಡ ಬಂದು ಅವಳ ಮನೆಯ ಮೇಲೆ ಸುರಿದು ಹೋಯಿತು. ನಮ್ಮ ಅಂಗಳದಲ್ಲಿ ನಾಲ್ಕು ಹನಿಯೂ ಇಲ್ಲ. ತೊಯ್ದ ಸಂಡಿಗೆಯನ್ನು ಪರಾತದಲ್ಲಿ ಹೊತ್ತುಕೊಂಡೇ ಬಂದಳು, ಇವರ ಮುಂದೆ ಕುಕ್ಕಿದಳು. "ನೋಡಿ ಅನ್ನಯ್ಯಾ, ನೀವು ಹೇಳಿದ್ದು!"

ಇವರು ಸಂಡಿಗೆ ನೋಡಲೇ ಇಲ್ಲ. "ನಿಮ್ಮಲ್ಲಿ ಬಂತೇನಮ್ಮ? ಮತ್ತೆ ಎಲ್ಲೆಲ್ಲಿ ಬಂತು?"

"ಕುಕಟ್‌ಪಲ್ಲಿಯಲ್ಲಿ ನಮ್ಮಕ್ಕನ ಮನೆ ಹತ್ತಿರ ಬಂತಂತೆ. ಅವಳ ಮೆಣಸಿನಕಾಯಿಯೂ ಹೋಯಿತು!" ಅವಳಿಗೆ ಅಳುವೇ ಬಂದಿತ್ತು.

"ಸರಿ ಹೋತಲ್ಲ" ಅಂದರು ಇವರು ಮುಖವರಳಿಸಿ. "ಎರಡು ಕಡೆ ಆತು!"

೪. ಮೂರು ಪ್ಯಾಂಟು

ಇವರು ನಿವೃತ್ತರಾದ ಮೇಲೆ ಮಾಳಿಗೆಯ ಮೇಲಿನ ಕೋಣೆಯನ್ನು ಇಬ್ಬರು ಸಾಫ್ಟ್‌ವೇರ್ ಹುಡುಗರಿಗೆ ಕೊಟ್ಟೆವು. ಒಬ್ಬ ಮಂಗಳೂರಿನವನು, ಒಬ್ಬ ಮೈಸೂರಿನವನು. ಅಮೆರಿಕದವರು ಎದ್ದಿರುವಾಗ ಆ ಹುಡುಗರಿಗೆ ಕೆಲಸ. ಬೆಳಗಾಗುವಾಗ ಮನೆಗೆ ಬಂದು ಬಟ್ಟೆ ಒಗೆದು ಹಾಕಿ ಮಲಗಿಬಿಡುತ್ತಿದ್ದರು.

ಮೇ ತಿಂಗಳ ನಡುಮಧ್ಯೆ. ಆಕಾಶದಲ್ಲಿ ಒಂದು ಚೂರು ಮೋಡವಿಲ್ಲ. ಒಂದು ಬೆಳಿಗ್ಗೆ ಡಬ್ಬಿಯಲ್ಲಿ ನೀರು! ಇವರು ಗ್ಲಾಸು ಎತ್ತಿ ಹಿಡಿದು ಆಕಾಶ ನೋಡಿದರು, ಗ್ಲಾಸು ನೋಡಿದರು, ಮತ್ತೆ ಆಕಾಶ ನೋಡಿದರು. ಮೋಡ ಹುಡುಕುವ ಕಣ್ಣಿಗೆ ನಡುವೆ ತೂಗುವುದು ಬೀಳುವುದಿಲ್ಲ. ಓಡಿಬಂದು ಹಳೆ ಕಚೇರಿಗೆ ಫೋನು ಹಚ್ಚಿದರು. ಅಲ್ಲೊಬ್ಬ ಹೊಸ ಹುಡುಗ, ಕನ್ನಡದವನೇ. "ಸರ್, ಎಲ್ಲೂ ಮಳೆ ಇಲ್ಲ. ರಾಡಾರಿನಲ್ಲೂ ಇಲ್ಲ, ಕಂಪ್ಯೂಟರಿನಲ್ಲೂ ಇಲ್ಲ" ಅಂದ.

"ಕಂಪ್ಯೂಟರು ನಮ್ಮ ಅಂಗಳಕ್ಕ ಬಂದು ನೋಡೇತೇನು? ನನ್ನ ಕೈಯಾಗ ನೀರು ಐತಿ!"

ಮರುದಿನವೂ ನೀರು. ಆ ಹುಡುಗನ ಜೊತೆ ಮತ್ತೆ ವಾದ. ನಲವತ್ತು ವರ್ಷದ ಅನುಭವದ ಮೇಲೆ ಹೇಳುತ್ತಿದ್ದೇನೆ, ಇದು ತೀರ ಸಣ್ಣ ಜಾಗದಲ್ಲಿ ಬೀಳುವ ಹೊಸ ನಮೂನೆಯ ಮಳೆ, ಬಂದು ನೋಡಿ ಎಂದು ಕರೆದೂ ಬಿಟ್ಟರು. ಮೂರನೇ ದಿನ ಗ್ಲಾಸಿನಲ್ಲಿ ನೊರೆ ಬಂತು. ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿದರು. "ಏ, ಇಲ್ಲಿ ಬಾ! ಸಬಕಾರ!"

ನಾನು ಹೊರಗೆ ಬಂದು ಮೇಲೆ ನೋಡಿದೆ. ಹುಡುಗರು ಬಾಲ್ಕನಿಯಿಂದ ಪೇರಲ ಗಿಡಕ್ಕೆ ಹಗ್ಗ ಕಟ್ಟಿದ್ದಾರೆ. ಸರಿಯಾಗಿ ಡಬ್ಬಿಯ ನೆತ್ತಿಯ ಮೇಲೆ ಜೀನ್ಸ್ ಪ್ಯಾಂಟುಗಳು ತೊಟ್ಟಿಕ್ಕುತ್ತಿವೆ. ಮಂಗಳೂರಿನ ಹುಡುಗ ಕಣ್ಣುಜ್ಜಿಕೊಂಡು ಬಾಗಿಲು ತೆರೆದ. "ಎಂತ ಅಂಕಲ್? ಅಲ್ಲಿ ಒಳ್ಳೆ ಗಾಳಿ ಬರ್ತದೆ ಮಾರಾಯ್ರೆ, ಬೇಗ ಒಣಗ್ತದೆ."

ಬೇರೆಯವರಾದರೆ ಸುಮ್ಮನಿದ್ದುಬಿಡುತ್ತಿದ್ದರು. ಇವರು ಹಾಗಲ್ಲ. ತಪ್ಪು ಅಳತೆ ಕೊಟ್ಟರೆ ಅದನ್ನು ಕೊಟ್ಟವರೇ ವಾಪಸು ತಗೊಳ್ಳಬೇಕು. ಕೂಡಲೇ ಕಚೇರಿಗೆ ಫೋನು ಮಾಡಿದರು. "ಅದು ಮಳಿ ಅಲ್ಲಪಾ. ಪ್ಯಾಂಟು."

ಆ ಕಡೆಯಿಂದ ಹುಡುಗ ಬಹಳ ಮರ್ಯಾದೆಯಿಂದ ಕೇಳಿದ: "ಎಷ್ಟು ಸರ್?"

"ಮೂರು" ಅಂದರು ಇವರು. "ಎರಡು ನೀಲಿ, ಒಂದು ಕರಿ."

೫. ಬಿಲ್ಡರು ಬಂದದ್ದು

ಸುತ್ತಲ ಮನೆಗಳು ಒಂದೊಂದಾಗಿ ಅಪಾರ್ಟ್‌ಮೆಂಟು ಆಗತೊಡಗಿದಾಗ ನಮ್ಮ ಮನೆಗೂ ಒಬ್ಬ ಬಿಲ್ಡರು ಬಂದ. ಜಾಗ ಕೊಡಿ, ಐದು ಮಾಳಿಗೆ ಎಬ್ಬಿಸುತ್ತೇನೆ, ನಿಮಗೆ ಎರಡು ಫ್ಲಾಟು, ಲಿಫ್ಟು ಬೇರೆ. ಆಗ ನಾನು ಬಿಲ್ಡರನ ಪಕ್ಷ. ಮೊಣಕಾಲು ನೋವು, ಲಿಫ್ಟು ಅಂದರೆ ಬಾಯಲ್ಲಿ ನೀರು. ಇವರು ಬೇಡ ಅನ್ನಲಿಲ್ಲ. "ಅಗದಿ ಆಗಬಹುದು. ಡಬ್ಬಿಗೆ ಅಡ್ಡ ಬರಬಾರದು, ಅಷ್ಟs. ಕಟ್ಟಡ ಎಷ್ಟು ಎತ್ತರ ಐತೋ ಅದರ ಎರಡು ಪಟ್ಟು ದೂರದಾಗ ಇರಬೇಕು" ಅಂದರು.

"ಅಷ್ಟೇನಾ ಸಾರ್?" ಎಂದು ಬಿಲ್ಡರು ಖುಷಿಯಾದ. ಟೇಪಿನ ಒಂದು ತುದಿ ಇವರು ಡಬ್ಬಿಯ ಹತ್ತಿರ ಹಿಡಿದರು, ಇನ್ನೊಂದು ತುದಿ ಹಿಡಿದು ಅವನು ಹೊರಟ. ಟೇಪು ಮುಗಿದಾಗ ಗುರುತು ಹಾಕಿ ಮತ್ತೆ ಹಿಡಿದರು. ಅಂಗಳ ಮುಗಿಯಿತು, ಗೇಟು ದಾಟಿತು, ಪಕ್ಕದ ಗಲ್ಲಿಯೂ ದಾಟಿತು. ಬಿಲ್ಡರು ಕೊನೆಗೆ ಲೇಥ್ ಮಷಿನ್ನಿನ ಶೆಡ್ಡೊಳಗೆ ಹೋಗಿ ನಿಂತ. ಆ ಶೆಡ್ಡಿನ ಯಜಮಾನ ವಯಸ್ಸಾದ ಸಾಹೇಬರು, ಗಲ್ಲಿಗೆಲ್ಲ ಚಾಚಾ.

ಬಿಲ್ಡರು ಅಲ್ಲಿಂದಲೇ ಕೂಗಿದ: "ಸಾರ್, ಬಿಲ್ಡಿಂಗು ಇಲ್ಲಿಂದ ಶುರುನಾ?"

"ಹೂಂ, ಅಲ್ಲಿಂದs!" ಎಂದು ಇವರೂ ಕೂಗಿದರು.

ಚಾಚಾ ಮಷಿನ್ನು ನಿಲ್ಲಿಸಿ, ಕನ್ನಡಕ ಏರಿಸಿ, ಬಿಲ್ಡರನನ್ನು ಮೇಲಿಂದ ಕೆಳಗೆ ನೋಡಿದರು. "ಅಚ್ಛಾ ಭಾಯ್. ತೋ ಮೇರಾ ಫ್ಲಾಟ್ ಕೌನ್‌ಸೀ ಫ್ಲೋರ್ ಪೇ?"

೬. ರಸ್ತೆ ಬಂದದ್ದು

ಬಿಲ್ಡರನನ್ನು ಓಡಿಸಬಹುದು, ರಸ್ತೆಯನ್ನು ಓಡಿಸಲು ಆಗುವುದಿಲ್ಲ. ಸಾಫ್ಟ್‌ವೇರ್ ಕಂಪನಿಗಳ ಕಡೆ ಹೋಗುವ ವಾಹನಗಳು ಹೆಚ್ಚಾದವು, ನಮ್ಮ ಮುಂದಿನ ರಸ್ತೆ ಅಗಲ ಮಾಡಬೇಕೆಂದು ತೀರ್ಮಾನವಾಯಿತು. ಎದುರುಗಡೆ ಕಾರ್ಖಾನೆಯ ಗೋಡೆ, ಅದನ್ನು ಮುಟ್ಟುವ ಹಾಗಿಲ್ಲ. ಹೀಗಾಗಿ ಹೋಗುವುದೆಲ್ಲ ನಮ್ಮ ಕಡೆಯಿಂದ. ಅಂಗಳ ಪೂರ್ತಿ ಹೋಗುತ್ತದೆ, ಮನೆ ಉಳಿಯುತ್ತದೆ, ಡಬ್ಬಿ ಹೋಗುತ್ತದೆ.

ಗುರುತು ಹಾಕಲು ಒಬ್ಬ ಇಂಜಿನಿಯರು ಬಂದ. ಒಳ್ಳೆಯ ಮನುಷ್ಯ. ಡಬ್ಬಿಯ ಸುತ್ತ ಒಂದು ಸುತ್ತು ಹಾಕಿ, ಇವರನ್ನು ಪಕ್ಕಕ್ಕೆ ಕರೆದು ಹಿಂದಿಯಲ್ಲಿ ಮೆಲ್ಲಗೆ ಕೇಳಿದ: "ಸಾಬ್, ಇದು ಗುಡಿನಾ? ಗುಡಿಯಾದರೆ ರಸ್ತೆ ಬಳಸಿಕೊಂಡು ಹೋಗುತ್ತದೆ. ದರ್ಗಾ ಆದರೂ ಬಳಸಿಕೊಂಡು ಹೋಗುತ್ತದೆ. ಏನಂತ ಬರೆದುಕೊಳ್ಳಲಿ?"

"ಮಳೆಮಾಪಕ" ಅಂದರು ಇವರು.

"ಅದಕ್ಕೆ ನಮ್ಮಲ್ಲಿ ರೂಲಿಲ್ಲ ಸಾಬ್. ಯೋಚನೆ ಮಾಡಿ ಹೇಳಿ. ನಾಳಿದ್ದು ಬರುತ್ತೇನೆ."

ಸುದ್ದಿ ಗಲ್ಲಿಯಲ್ಲಿ ಹಬ್ಬಿತು. ಮರುದಿನ ಬೆಳಿಗ್ಗೆ ಸಂಡಿಗೆಯ ಹೆಂಗಸು ಅರಿಶಿನ ಕುಂಕುಮದ ಬಟ್ಟಲು ಹಿಡಿದು ಬಂದಳು. ಅದೇ ಹೊತ್ತಿಗೆ ಲೇಥಿನ ಚಾಚಾ ಮಡಿಚಿದ ಹಸಿರು ಬಟ್ಟೆ ಹಿಡಿದು ಬಂದರು. ಇಬ್ಬರೂ ಡಬ್ಬಿಯ ಮುಂದೆ ಎದುರಾದರು. ಬೇರೆ ಊರಾಗಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ. ಇದು ಹೈದರಾಬಾದು.

"ಪೆಹಲೇ ಆಪ್, ಬೆಹನ್" ಎಂದು ಚಾಚಾ ಹಿಂದೆ ಸರಿದರು.

"ಇಲ್ಲ ಇಲ್ಲ ಚಾಚಾ, ನೀವು ಹಿರಿಯರು, ಮೊದಲು ನೀವು ಹೊದಿಸಿ" ಎಂದು ಅವಳು.

"ಐಸಾ ಕೈಸಾ? ಲೇಡೀಸ್ ಪೆಹಲೇ."

ಇವರು ಅಳತೆಯ ಗ್ಲಾಸು ಹಿಡಿದುಕೊಂಡು ಹೊರಗೆ ಬಂದರು. "ಕುಂಕುಮ ಹಾಕಿದ್ರ ಆಲಿಕಿ ತೂತು ಕಟ್ಟಿಕೋತದ. ಬಟ್ಟಿ ಹೊದಿಸಿದ್ರ ಮಳಿ ಒಳಗ ಹ್ಯಾಂಗ ಹೋಗಬೇಕು? ಇಬ್ಬರೂ ಮನಿಗೆ ನಡೀರಿ!" ಇಬ್ಬರೂ ನೊಂದುಕೊಂಡು ಹೋದರು. ಹೋಗುವಾಗಲೂ ಗೇಟಿನಲ್ಲಿ "ಮೊದಲು ನೀವು" ನಡೆದೇ ಇತ್ತು.

ನನಗೆ ತಡೆಯಲಾಗಲಿಲ್ಲ. "ಒಂದು ಮಾತು ಹೂಂ ಅಂದ್ರ ಉಳೀತದಲ್ರಿ. ದೇವರು ಅಂದ್ರ ನಿಮ್ಮ ಗಂಟೇನು ಹೋಗತದ?" ಅಂದೆ.

ಇವರು ಕಟ್ಟೆಯ ಮೇಲೆ ಕೂತರು. ಅವರ ದನಿ ಅಷ್ಟು ಮೆತ್ತಗಾದದ್ದನ್ನು ನಾನು ಕೇಳಿರಲಿಲ್ಲ. "ಜೀವನಪೂರ್ತಿ ಜನ ನಕ್ಕಾರ ನನ್ನ ನೋಡಿ. ನಗಲಿ. ಗೊತ್ತಿಲ್ಲದ್ದನ್ನ ಗೊತ್ತೈತಿ ಅಂತ ನಾ ಒಂದು ದಿನಾನೂ ಹೇಳಿಲ್ಲ. ಅದೊಂದs ನನ್ನ ಹಂತೇಕ ಇರೂದು. ಈಗ ಡಬ್ಬೀನ ದೇವರು ಅಂತ ಹೇಳಲೇನು? ಹೋಗೂದಿದ್ರ ಹೋಗಲಿ. ಡಬ್ಬಿ ಅಂತ ಅನ್ನಿಸಿಕೊಂಡs ಹೋಗಲಿ."

ಅವತ್ತು ನಾನು ಪಕ್ಷ ಬದಲಿಸಿದೆ. ಲಿಫ್ಟೂ ಬೇಡ, ಏನೂ ಬೇಡ. ನನ್ನ ಗಂಡನ ಡಬ್ಬಿ ಅದು, ಡಬ್ಬಿಯಾಗಿಯೇ ಇರಬೇಕು ಎಂದು ಹಟ ಹುಟ್ಟಿತು.

ಇಂಜಿನಿಯರು ಬಂದ ದಿನ ಜೊತೆಗೆ ಮಣ್ಣು ಅಗೆಯುವ ಮಷಿನ್ನೂ ಬಂತು. ಇನ್ನೂ ಎಂಟು ಗಂಟೆ. ಇವರು ಡಬ್ಬಿಯ ಮುಂದೆ ನಿಂತು, "ಎಂಟೂವರಿ ಆಗಲಿ. ರಾತ್ರಿ ಮಳಿ ಬಿದ್ದದ, ಅಳತಿ ತಗೋಬೇಕು" ಅಂದರು. ಮಷಿನ್ನಿನ ಡ್ರೈವರು ಯಾದಗಿರಿ ಕಡೆಯವನು. ಕನ್ನಡ ಕೇಳಿದ್ದೇ ತಡ, ಮಷಿನ್ನು ಬಂದ್ ಮಾಡಿ ಇಳಿದು ಬಂದ. "ಯಜಮಾನ್ರ, ನಮ್ಮೂರ ಆಫೀಸಿನ ಮುಂದನೂ ಇಂಥದ್ದs ಒಂದೈತ್ರಿ."

ಇವರ ಮುಖ ಅರಳಿತು. "ಹೌದೇನು? ದಿನಾ ನೋಡ್ತಾರ?"

"ದಿನಾ ನೋಡ್ತಾರ್ರಿ. ಅದಕ್ಕ ಎಮ್ಮಿ ಕಟ್ಟತಾರಲ್ರಿ, ಬಿಚ್ಚಿಕೊಂಡು ಹೋದೀತು ಅಂತ."

ಇವರು ಎದೆ ಹಿಡಿದುಕೊಳ್ಳುವುದನ್ನು ನೋಡಿ ನಾನು ಇಂಜಿನಿಯರನ ಕಡೆ ತಿರುಗಿದೆ. "ಅಲ್ರಿ, ಇಷ್ಟು ಅಗಲ ರಸ್ತೆ ಮಾಡ್ತೀರಿ, ಸರೀ ನಡುವ ಏನು ಹಾಕ್ತೀರಿ?" ಎಂದು ನನ್ನ ಹರಕು ಹಿಂದಿಯಲ್ಲಿ ಕೇಳಿದೆ.

"ಡಿವೈಡರ್ ಬರುತ್ತದಮ್ಮ. ಅದರಲ್ಲಿ ಗಿಡ ನೆಡುತ್ತೇವೆ."

"ಅದು ಎಲ್ಲಿ ಬರ್ತದ?"

ಅವನು ನಕ್ಷೆ ಬಿಚ್ಚಿದ, ಟೇಪು ಹಿಡಿಸಿದ. ಟೇಪು ಡಬ್ಬಿಯ ಕಟ್ಟೆಗೆ ಬಂದು ನಿಂತಿತು. "ಗಿಡ ನೆಟ್ರ ದಿನಾ ನೀರು ಹಾಕಬೇಕಾಗತದ" ಅಂದೆ ನಾನು. "ಇದಕ್ಕ ಮಳಿನೀರs ಸಾಕು. ಇಲ್ಲೊಂದು ಗಿಡ ಕಡಿಮಿ ಮಾಡ್ರಿ."

ಇಂಜಿನಿಯರು ಬಹಳ ಹೊತ್ತು ತಲೆ ಕೆರೆದುಕೊಂಡು, ಕೊನೆಗೆ "ಡಿವೈಡರ್ ಅಲಂಕಾರ" ಎಂದು ಬರೆದುಕೊಂಡ. ಅಲಂಕಾರ ಅಂದದ್ದಕ್ಕೆ ಇವರಿಗೆ ಸ್ವಲ್ಪ ಸಿಟ್ಟು ಬಂತು. ಆದರೆ ದೇವರು ಎಂದು ಬರೆಯಲಿಲ್ಲವಲ್ಲ, ಸಾಕು ಎಂದು ಸುಮ್ಮನಾದರು. ರಸ್ತೆ ಮುಗಿದ ಮೇಲಂತೂ ಅವರ ಸಂತೋಷ ನೋಡಬೇಕಿತ್ತು. ಹತ್ತಿರ ಮರವಿಲ್ಲ, ಮನೆಯಿಲ್ಲ, ಪ್ಯಾಂಟಿಲ್ಲ. ಇಡೀ ಊರಿನಲ್ಲಿ ಮಳೆಮಾಪಕಕ್ಕೆ ಇಷ್ಟು ಬಯಲು ಜಾಗ ಇನ್ನೆಲ್ಲೂ ಇಲ್ಲ ಎಂದು ಬಂದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು.

ಒಂದೇ ತೊಂದರೆ. ಬೆಳಿಗ್ಗೆ ಎಂಟೂವರೆ ಅಂದರೆ ಸಾಫ್ಟ್‌ವೇರಿನವರ ಕ್ಯಾಬುಗಳು ಒಂದರ ಬಾಲಕ್ಕೊಂದು ಹತ್ತಿಕೊಂಡು ಹೋಗುವ ಹೊತ್ತು. ಟ್ರಾಫಿಕ್ ಕಾನ್‌ಸ್ಟೇಬಲ್ಲು ಸೀಟಿ ಊದಿ, "ರುಕೋ ಭಾಯ್, ಸಾಬ್ ಪಾನೀ ನಾಪ್‌ರೇ!" ಎಂದು ಸಾಹೇಬರು ನೀರು ಅಳೆಯುವ ತನಕ ಕೈ ಅಡ್ಡ ಹಿಡಿಯುವನು. ಇವರು ಸ್ನಾನ ಮಾಡಿ, ಬಿಳಿ ಅಂಗಿ ತೊಟ್ಟು, ಗ್ಲಾಸು ಹಿಡಿದು ರಸ್ತೆ ದಾಟುವರು. ಡಬ್ಬಿಯ ಮುಂದೆ ಬಗ್ಗಿ, ನೀರನ್ನು ಗ್ಲಾಸಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿಯುವರು. ಕ್ಯಾಬಿನಲ್ಲಿ ಕೂತವರಿಗೆ ಅದು ಹೇಗೆ ಕಂಡಿತೋ! ಒಬ್ಬ ಕೈ ಮುಗಿದ. ಮರುದಿನ ನಾಲ್ಕು ಜನ. ವಾರ ಕಳೆಯುವಷ್ಟರಲ್ಲಿ ಕಿಟಕಿಯಿಂದ ಹೂವು ಬೀಳತೊಡಗಿತು.

ಇವರು ಗ್ಲಾಸು ಎತ್ತಿ ಹಿಡಿದುಕೊಂಡೇ ಬೈಯುವರು. "ದೇವರಲ್ಲ ಇದು! ಮಳಿ ಅಳಿಯೂ ಡಬ್ಬಿ! ಓದಿದವರು ಇದ್ದೀರಿ, ಬುದ್ಧಿ ಇಲ್ಲೇನು?" ಆಮೇಲೆ ಅದನ್ನೇ ತೆಲುಗಿನಲ್ಲಿ, ಆಮೇಲೆ ಹಿಂದಿಯಲ್ಲಿ. ಬೈದಷ್ಟೂ ಅವರು ತಲೆ ಬಗ್ಗಿಸುವರು. ಇವರು ಕೊನೆಯ ದಿನದ ತನಕ ಬೈಯುವುದು ಬಿಡಲಿಲ್ಲ, ಅವರು ಕೈ ಮುಗಿಯುವುದು ಬಿಡಲಿಲ್ಲ.

ಇವರು ಹೋದದ್ದು ಒಂದು ನಸುಕಿನಲ್ಲಿ, ನಿದ್ದೆಯಲ್ಲೇ. ಎಂಟೂವರೆಯ ಹೊತ್ತಿಗೆ ಮನೆ ತುಂಬ ಜನ. ನಾನು ಇವರ ಪಕ್ಕದಿಂದ ಎದ್ದು ಗ್ಲಾಸು ತಗೊಂಡೆ. "ಇಂಥಾದ್ರಾಗ ಹೊರಗ ಹೋಗಬಾರದವ್ವಾ, ಜನ ಏನಂದಾರು?" ಎಂದು ಯಾರೋ ಸೆರಗು ಹಿಡಿದರು. ಬಿಡಿಸಿಕೊಂಡು ಹೋದೆ. ಕಾನ್‌ಸ್ಟೇಬಲ್ಲು ಸೀಟಿ ಊದಲಿಲ್ಲ, ಟೋಪಿ ತೆಗೆದು ರಸ್ತೆಯ ನಡುವೆ ನಿಂತ. ಎಲ್ಲ ವಾಹನಗಳೂ ನಿಂತವು. ನೀರಿನ ಮಟ್ಟಕ್ಕೆ ಕಣ್ಣು ತಂದು ನೋಡಬೇಕಿತ್ತು, ಕಣ್ಣು ತುಂಬಿ ಏನೂ ಕಾಣಲಿಲ್ಲ. ಒರೆಸಿಕೊಂಡು ಮತ್ತೆ ನೋಡಿದೆ.

ಅವತ್ತಿನಿಂದ ದಿನಾ ನಾನೇ ಹೋಗುತ್ತೇನೆ. ವಯಸ್ಸಾಗಿದೆ, ರಸ್ತೆ ದಾಟುವುದು ಅಪಾಯ, ಡಬ್ಬಿ ತೆಗೆಸು ಎಂದು ಮಕ್ಕಳು ಹೇಳುವುದು ಇದಕ್ಕೇ.

ಮೊನ್ನೆ ಹೀಗೇ ಅಳತೆ ನೋಡಿ, "ಇವತ್ತೂ ಸೊನ್ನಿ" ಎಂದುಕೊಳ್ಳುತ್ತಿದ್ದೆ. ಮುಂದೆ ನಿಂತ ಕ್ಯಾಬಿನಿಂದ ಒಬ್ಬ ಹುಡುಗಿ ತಟಕ್ಕನೆ ಇಳಿದು ಬಂದಳು. ಕುತ್ತಿಗೆಯಲ್ಲಿ ಆಫೀಸಿನ ಬಿಲ್ಲೆ, ಬೆಂಗಳೂರಿನ ಕನ್ನಡ. "ಅಜ್ಜಿ, ನೀವು ಕನ್ನಡದವರಾ? ದಿನಾ ಇಲ್ಲಿ ಬರ್ತಿದ್ರಲ್ಲ ಆ ಸ್ವಾಮಿಗಳು, ಎಲ್ಲಿ ಅವರು?"

"ಸ್ವಾಮಿಗಳಲ್ಲವ್ವಾ. ನನ್ನ ಗಂಡ. ಹವಾಮಾನದ ವಿಜ್ಞಾನಿ. ತೀರಿಕೊಂಡ್ರು" ಅಂದೆ. "ಇದು ದೇವರಲ್ಲ. ಮಳಿ ಅಳಿಯೂ ಡಬ್ಬಿ."

ಹುಡುಗಿಯ ಮುಖ ಸಣ್ಣದಾಯಿತು. "ಅದು ಗೊತ್ತು ಅಜ್ಜಿ. ಅವರೇ ದಿನಾ ಮೂರು ಭಾಷೇಲಿ ಹೇಳ್ತಿದ್ರಲ್ಲ. ಆದ್ರೆ ಅವರ ಕೈಲಿ ಬೈಸಿಕೊಂಡು ಹೋದ ದಿನ ಆಫೀಸಲ್ಲಿ ಎಲ್ಲಾ ಸರಿಯಾಗಿ ನಡೀತಿತ್ತು. ಇವತ್ತು ನನಗೆ ದೊಡ್ಡ ಮೀಟಿಂಗಿದೆ." ಒಂದು ಹೆಜ್ಜೆ ಮುಂದೆ ಬಂದು ತಲೆ ಬಗ್ಗಿಸಿದಳು. "ನೀವಾದ್ರೂ ಒಂಚೂರು ಬೈತೀರಾ?"

ನಾನು ಗ್ಲಾಸನ್ನು ಎತ್ತಿ ಹಿಡಿದೆ. ಬಾಯಿತುಂಬ ಬೈದೆ. ಅವರು ಬೈಯುತ್ತಿದ್ದ ಹಾಗೇ, ಒಂದು ಅಕ್ಷರ ಬಿಡದೆ, ಮೂರು ಭಾಷೆಯಲ್ಲೂ ಬೈದೆ. ಹುಡುಗಿ ಕಣ್ಣೊರೆಸಿಕೊಂಡು, ನಗುತ್ತ ಓಡಿಹೋಗಿ ಕ್ಯಾಬು ಹತ್ತಿದಳು.

ಹಿಂದಿನ ಕ್ಯಾಬಿನ ಬಾಗಿಲು ತೆರೆಯಿತು. ಅದರ ಹಿಂದಿನದೂ ತೆರೆಯಿತು.